ಹುಚ್ಚರಾಯಪ್ಪನ ಬಾಗಿಲಿಗೆ ಗೋಡೆ ಬಂದದ್ದು

ಶಿರಾಳಕೊಪ್ಪದಲ್ಲಿ ನಮ್ಮದೊಂದು ಸಿಮೆಂಟ್, ಕಬ್ಬಿಣದ ಅಂಗಡಿ ಇದೆ. ಹೆಸರಿಗೆ ಅದು ನನ್ನ ಯಜಮಾನರು ತ್ರ್ಯಂಬಕ ಅವರದು. ಆದರೆ ಅವರ ಬಾಯಲ್ಲಿ ‘ಇಲ್ಲ’ ಎಂಬ ಮಾತು ಹುಟ್ಟುವುದೇ ಇಲ್ಲವಾದ್ದರಿಂದ ಗಲ್ಲಾದ ಹಿಂದೆ ಕೂರುವವಳು ನಾನು, ಸೊರಬದ ಕಡೆಯ ವಿನೋದಾ. ಸಾಲ ಕೇಳಲು ಬಂದವರು ನನ್ನ ಮುಖ ನೋಡಿ, ಒಂದು ಮೊಳೆ ಕೊಂಡು ವಾಪಸು ಹೋದದ್ದುಂಟು. ಅಂಥ ನನ್ನನ್ನು ವರ್ಷಗಟ್ಟಲೆ ಗೋಳು ಹೊಯ್ದುಕೊಂಡ ಆಸಾಮಿ ಒಬ್ಬನೇ ಒಬ್ಬ. ಈಸೂರಿನ ಆಚೆಯ ಹಟ್ಟಿಯ ಕುರಿ ಸಾಕುವ ಹುಚ್ಚರಾಯಪ್ಪ.

ಸಂತೆ ದಿನ ಕುರಿ ಮಾರಲು ಬರುತ್ತಿದ್ದ. ಮಾರಾಟ ಮುಗಿದರೆ ನೇರ ನಮ್ಮ ಅಂಗಡಿ. ಹೆಗಲ ಕಂಬಳಿ ಇಳಿಸಿ, ಸಿಮೆಂಟ್ ಚೀಲಗಳ ಮೇಲೆ ಕಾಲು ಮಡಚಿ ಕೂತು, ನಮ್ಮದೇ ಟೀ ಕುಡಿಯುತ್ತ “ಇವತ್ತು ಹೆಂಗೈತಿ ಅಕ್ಕಾರೆ?” ಎಂದು ವಿಚಾರಿಸುವನು. ಅವನು ವಿಚಾರಿಸುತ್ತಿದ್ದದ್ದು ನನ್ನ ಆರೋಗ್ಯವನ್ನಲ್ಲ, ಸಿಮೆಂಟ್, ಕಬ್ಬಿಣದ ರೇಟನ್ನು. ಹೇಳಿದರೆ ಕಣ್ಣು ಮುಚ್ಚಿ, ಬೆರಳು ಮಡಚಿ, ತುಟಿ ಅಲ್ಲಾಡಿಸಿ, “ಅಂದ್ರೆ ಒಂದು ಟನ್ ಕಬ್ಬಿಣಕ್ಕೆ ಇನ್ನೂ ನಾಕು ಟಗರು ಬೇಕು. ಬ್ಯಾಡ್ರಿ, ತಡೀರಿ, ಇಳೀತದೆ” ಎಂದು ಎದ್ದು ಹೋಗುವನು. ಭೂಮಿಯ ಮೇಲಿನ ಯಾವ ವಸ್ತುವನ್ನೂ ಅವನು ರೂಪಾಯಿಯಲ್ಲಿ ಅಳೆದವನಲ್ಲ. ಕಿಟಕಿ ಅಂದರೆ ಒಂದು ಮರಿ. ಬಚ್ಚಲಿನ ಟೈಲ್ಸ್ ಅಂದರೆ ಹಾಲು ಬತ್ತಿದ ಒಂದು ಆಡು. ಯಜಮಾನರ ಹೊಸ ಕಾರನ್ನು ಸುತ್ತು ಹಾಕಿ ನೋಡಿ, “ಅರ್ಧ ಹಿಂಡನ್ನ ಬಿಸಿಲಾಗೆ ನಿಲ್ಸೀರಲ್ರೀ ಸಾಹುಕಾರ್ರೆ” ಎಂದು ಮರುಗಿದ್ದ.

ಅವನಿಗೆ ಜಗತ್ತಿನ ಸುದ್ದಿಯೆಲ್ಲ ಬೇಕು. ಕುರಿ ಮೇಯಿಸುವಾಗ ಮೊಬೈಲಿನಲ್ಲಿ ಇಡೀ ದಿನ ಅದನ್ನೇ ಕೇಳುತ್ತಾನೆ. ಎಲ್ಲೋ ಯುದ್ಧವಾದರೆ ಕಬ್ಬಿಣ ಏರುತ್ತದೆ, ಯುದ್ಧ ನಿಲ್ಲುವ ತನಕ ತಡೆಯಬೇಕು. ಅಮೆರಿಕದವರು ಸುಂಕ ಹಾಕಿದರೆ ಏನೋ ಒಂದು ಆಗುತ್ತದೆ, ಏನಾಗುತ್ತದೆಂದು ಗೊತ್ತಾಗುವ ತನಕ ತಡೆಯಬೇಕು. ಮಳೆಗಾಲದಲ್ಲಿ ಸಿಮೆಂಟ್ ಅಗ್ಗ, ಆದರೆ ಮಳೆಯಲ್ಲಿ ಮನೆ ಕಟ್ಟುವವರು ಯಾರು? ಬೇಸಿಗೆಯಲ್ಲಿ ಕಟ್ಟಬಹುದು, ಆದರೆ ಆಗ ಎಲ್ಲರೂ ಕಟ್ಟುವುದರಿಂದ ರೇಟು ಜಾಸ್ತಿ, ಮಳೆಗಾಲದ ತನಕ ತಡೆಯಬೇಕು. ಸರ್ಕಾರ ಸಿಮೆಂಟಿನ ಮೇಲಿನ ತೆರಿಗೆ ಇಳಿಸಿ ನಿಜವಾಗಿಯೂ ಬೆಲೆ ಇಳಿದಾಗ ನಾನು ಖುಷಿಯಿಂದ, “ಈಗಲಾದರೂ ಲೋಡು ಕಳಿಸಲಾ?” ಎಂದು ಕೇಳಿದೆ. ನನ್ನನ್ನು ಅಯ್ಯೋ ಪಾಪ ಅನ್ನುವಂತೆ ನೋಡಿದ. “ಅಕ್ಕಾರೆ, ಇಳಿಯಾಕೆ ಈಗ ಶುರುವಾಗೈತಿ. ಈಗ ಯಾರಾದ್ರೂ ತಗಂತಾರಾ?” ಹದಿನೈದು ದಿನದಲ್ಲಿ ರೇಟು ಮತ್ತೆ ಏರಿತು.

ಇದಕ್ಕೆಲ್ಲ ಬುಡದಲ್ಲಿ ಅವನದೊಂದು ಸಿದ್ಧಾಂತ ಇತ್ತು. “ನೋಡ್ರಿ, ಕುರಿ ಇಟ್ಕಂಡು ಕುಂತ್ರೆ ಮರಿ ಹಾಕ್ತದೆ. ಸಿಮೆಂಟ್ ಇಟ್ಕಂಡು ಕುಂತ್ರೆ ಮರಿ ಹಾಕ್ತದಾ?” ಯಜಮಾನರಂತೂ “ಹೌದಲ್ವೇನೇ” ಅಂದುಬಿಟ್ಟರು. ಅವರನ್ನು ಒಳಗೆ ಕಳಿಸಿದೆ.

ಅವನು ತನ್ನ ಪಾಡಿಗೆ ಕಾಯುತ್ತ ಕೂತಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಅಂಗಡಿಗೆ ಬಂದ ಗಿರಾಕಿಗಳನ್ನೂ ಕಾಯಿಸುತ್ತಿದ್ದ! ದುಡ್ಡು ಎಣಿಸಲು ಜೇಬಿಗೆ ಕೈ ಹಾಕಿದವರು ಇವನ “ತಡೀರಿ” ಕೇಳಿ ಕೈಯನ್ನು ಹಾಗೇ ಜೇಬಿನಲ್ಲೇ ಬಿಟ್ಟುಕೊಂಡು ಮನೆಗೆ ಹೋಗುತ್ತಿದ್ದರು. ಅವನು ಹೇಳಿದ್ದು ಒಂದೇ ಒಂದು ಸಲ ನಿಜವಾಗಿದ್ದರೂ ಸುಮ್ಮನಿರುತ್ತಿದ್ದೆ. ಎಲ್ಲವೂ ತಲೆಕೆಳಗು. ಆದರೂ ಜನಕ್ಕೆ ನಮ್ಮ ರಸೀದಿಗಿಂತ ಅವನ ಕಂಬಳಿಯ ಮೇಲೆ ನಂಬಿಕೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇಷ್ಟಕ್ಕೂ ಅವನು ಮನೆ ಕಟ್ಟಲು ಶುರು ಮಾಡಿರಲಿಲ್ಲ ಅಂತಲ್ಲ. ಮಾಡಿದ್ದ. ಅಣ್ಣ ತಮ್ಮಂದಿರ ಹಿಸ್ಸೆಯಲ್ಲಿ ಹಳೇ ಮನೆ ಅಣ್ಣನ ಪಾಲಿಗೆ ಹೋಗಿ, ರಸ್ತೆ ಬದಿಯ ಖಾಲಿ ಜಾಗ ಇವನ ಪಾಲಿಗೆ ಬಂತು. ಹೆಂಡತಿ ವರದಮ್ಮ, ಮಗಳು ಸುಷ್ಮಿತಾ ಜೊತೆಗೆ ಕುರಿದೊಡ್ಡಿಗೇ ಒಂದು ಚಪ್ಪರ ಇಳಿಸಿಕೊಂಡು ಸಂಸಾರ ಹೂಡಿದ. ಆ ವರ್ಷವೇ ಖಾಲಿ ಜಾಗದಲ್ಲಿ ಪಾಯ ಹಾಕಿಸಿದ. ನೆಂಟರ ಹಿತ್ತಲಲ್ಲಿ ಬಿದ್ದ ಹಲಸಿನ ಮರ ಅಗ್ಗಕ್ಕೆ ಸಿಕ್ಕಿತೆಂದು ಹೆಬ್ಬಾಗಿಲನ್ನೂ ಮಾಡಿಸಿದ. ಬಳ್ಳಿ, ಗಿಳಿ, ನಡುವೆ ಒಂದು ಕುರಿಯನ್ನೂ ಕೆತ್ತಿಸಿದ. ನಮ್ಮ ಕಡೆ ಗೋಡೆ ಏಳುವ ಮೊದಲು ಬಾಗಿಲನ್ನು ನಿಲ್ಲಿಸಿ ಪೂಜೆ ಮಾಡುತ್ತಾರಲ್ಲ, ಹಾಗೆ ಮುತ್ತೈದೆಯರನ್ನು ಕರೆದು, ಚೌಕಟ್ಟಿಗೆ ನವಧಾನ್ಯದ ಗಂಟು ಕಟ್ಟಿ, ಹೊಸ್ತಿಲಿಗೆ ಅರಿಸಿನ ಬಳಿದು, ಬಾಗಿಲು ನಿಲ್ಲಿಸಿಯೂ ಆಯಿತು. ಅದೇ ವಾರ ಉಕ್ರೇನಿನಲ್ಲಿ ಯುದ್ಧ ಶುರುವಾಗಿ ಕಬ್ಬಿಣ ನೆಗೆಯಿತು. “ಒಂದು ತಿಂಗಳು ತಡಿಯಾಣ” ಅಂದ ಹುಚ್ಚರಾಯಪ್ಪ. ಆ ತಿಂಗಳು ಮುಗಿಯಲೇ ಇಲ್ಲ. ಸುಷ್ಮಿತಾ ಮದುವೆಯಾಗಿ ಚಂದ್ರಗುತ್ತಿ ಕಡೆ ಗಂಡನ ಮನೆಗೆ ಹೋದರೂ ಬಾಗಿಲು ಒಂಟಿಯಾಗಿ ನಿಂತೇ ಇತ್ತು.

ಅದು ಹೇಗೆ ನಿಂತಿದೆಯೆಂದು ನಾನು ಕಣ್ಣಾರೆ ಕಂಡದ್ದು ದಸರೆ ಕಳೆದ ಮೇಲೆ. ಆ ಕಡೆ ಒಬ್ಬರ ಗೃಹಪ್ರವೇಶಕ್ಕೆ ಹೋಗಿದ್ದವಳು, ಹೇಗೂ ಬಂದಿದ್ದೇನೆ, ಮುಖದ ಮೇಲೆ ಹೊಡೆದ ಹಾಗೆ ನಾಲ್ಕು ಮಾತು ಕೇಳಿಯೇ ಬರೋಣವೆಂದು ಅವನ ಜಾಗದ ಮುಂದೆ ಆಟೋ ನಿಲ್ಲಿಸಿದೆ. ನೋಡಿದರೆ, ಮೊಣಕಾಲೆತ್ತರದ ಪಾಯ. ಮುಂಭಾಗದಲ್ಲಿ ಬಾಗಿಲು, ಎರಡು ಕಡೆ ಊರುಗೋಲು. ಬಾಗಿಲು ಮುಚ್ಚಿದೆ. ಹೊರಗೆ ಹುಚ್ಚರಾಯಪ್ಪ ಅದನ್ನು ದಬದಬ ಬಡಿಯುತ್ತ, “ತೆಗಿಯೇ ವರದಾ, ಮಂದಿ ನೋಡ್ತಾರೆ!” ಎಂದು ಅಂಗಲಾಚುತ್ತಿದ್ದಾನೆ. ಬಾಗಿಲಿನ ಆಚೆ, ಆಕಾಶದ ಕೆಳಗೆ, ವರದಮ್ಮ ಚಾಪೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಾಳೆ. ಬೀಗದ ಕೈ ಸೊಂಟದಲ್ಲಿದೆ. ಏನೂ ಕೇಳಿಸದವಳ ಹಾಗೆ ಮುಖ ಮಾಡಿದ್ದಾಳೆ.

“ಎಂತ ಮಾರಾಯರೇ ಇದು? ಪಕ್ಕದಿಂದ ಹತ್ತಿ ಹೋಗಬಾರದಾ?” ಎಂದೆ.

ಹುಚ್ಚರಾಯಪ್ಪ ಗಾಬರಿಯಿಂದ ನನ್ನ ಕಡೆ ನೋಡಿದ. “ಅಲ್ಲಿ ಗ್ವಾಡಿ ಐತಲ್ರೀ ಅಕ್ಕಾರೆ!”

ನನಗೆ ತಲೆ ಕೆಟ್ಟಿತು. ಸೀರೆ ಎತ್ತಿ ಹಿಡಿದು ಪಾಯದ ಮೇಲೆ ಕಾಲಿಟ್ಟೆನೋ ಇಲ್ಲವೋ, ವರದಮ್ಮ ಚೀರಿದಳು. “ಅಯ್ಯಯ್ಯೋ, ಅಕ್ಕಾರೆ! ಬಾಗಲಿಂದ ಬರ್ರಿ! ಪೂಜೆ ಆದ ಹೊಸ್ತಿಲು ಅದು, ಲಕ್ಷ್ಮಿ ಕುಂತಾಳೆ. ಗ್ವಾಡಿ ಹಾರಿ ಬರಾಕೆ ನೀವೇನು ಕಳ್ಳರಾ?” ಎದ್ದು ಬಂದು ಬೀಗ ತೆಗೆದಳು. ನಾನು ಚಪ್ಪಲಿ ಕಳಚಿ, ತಲೆ ಬಗ್ಗಿಸಿ, ಬಾಗಿಲಿನಿಂದಲೇ ಒಳಗೆ ಹೋದೆ. ನನ್ನ ಹಿಂದೆಯೇ ಹುಚ್ಚರಾಯಪ್ಪನೂ ನುಸುಳಿದ. ಅವನ ಹಿಂದೆ ಎಂಟು ಹತ್ತು ಕುರಿಗಳು, ಒಂದರ ಹಿಂದೆ ಒಂದು, ಬಾಗಿಲಿನಿಂದಲೇ ಬಂದವು. ಒಂದಾದರೂ ಪಕ್ಕದಿಂದ ಹಾರಲಿಲ್ಲ. ಅಷ್ಟು ಚೆನ್ನಾಗಿ ಪಾಠ ಮಾಡಿದ್ದಳು ಹೆಂಗಸು.

ಒಳಗೆ, ಬಾಗಿಲಿನ ಮರೆಯಲ್ಲಿ ನನಗೆ ಅಲ್ಲಿಯವರೆಗೆ ಕಾಣದ ಇನ್ನೊಬ್ಬರು ಕೂತಿದ್ದರು. ಸುಷ್ಮಿತಾಳ ಅತ್ತೆ, ಬಸವಣ್ಣೆಮ್ಮ. ಗಂಡ ಹೆಂಡಿರ ಜಗಳಕ್ಕೆ ಕಾರಣವೇ ಅವರು ಬಂದದ್ದು. ಸುಷ್ಮಿತಾ ಬಸುರಿ, ಶಿವರಾತ್ರಿ ಹೊತ್ತಿಗೆ ಹೆರಿಗೆ. ಸೀಮಂತದ ಕುಬುಸ ಮುಗಿದ ಮೇಲೆ ಚೊಚ್ಚಲ ಹೆರಿಗೆ, ಬಾಣಂತನ ತವರಿನಲ್ಲೇ ಆಗಬೇಕು. ಅದು ಎಲ್ಲರಿಗೂ ಗೊತ್ತಿರುವ ವಿಷಯ. ತವರು ಎಲ್ಲಿದೆ ಎಂದು ನೋಡಿಕೊಂಡು ಹೋಗಲು ಬಸವಣ್ಣೆಮ್ಮ ಬಂದಿದ್ದರು.

ಅವರು ಟೀ ಲೋಟ ಕೆಳಗಿಟ್ಟು ನಾಲ್ಕೂ ದಿಕ್ಕು ಕಣ್ಣಾಡಿಸಿ, “ಪಡಸಾಲೆ ಚಂದ ಉಂಟು ಬೀಗಿತ್ತಿ. ಗಾಳಿ ಬೆಳಕು ಬೇಕಾದಷ್ಟು” ಎಂದರು. ಒಂದು ಗಳಿಗೆ ಬಿಟ್ಟು, “ಬಾಣಂತಿಗೆ ಮಾತ್ರ ಗಾಳಿ ಆಗದಿಲ್ಲ, ನೋಡಿ. ಕುಬುಸ ಮಾಡಿ ಕಳಿಸೋದು ಎಲ್ಲಿಗೆ ಅಂತ ಕೇಳಿ ಹೋಗುವ ಅಂತ ಬಂದೆ. ನಿಮಗೆ ಕಷ್ಟ ಅಂದ್ರೆ ನಮ್ಮಲ್ಲೇ ಆಗ್ಲಿ. ನಮಗೇನು ಭಾರ ಇಲ್ಲ” ಎಂದರು. ಕೆಟ್ಟ ಹೆಂಗಸಲ್ಲ. ಆದರೆ ಆ ಮಾತು ಚೂರಿಯ ಹಾಗೆ ಹೊಕ್ಕಿತು.

“ಮನೆ ಆಗ್ತದ್ರೀ ಬೀಗಿತ್ತಿ” ಎಂದ ಹುಚ್ಚರಾಯಪ್ಪ. “ರೇಟು ಒಂದೀಟು ಇಳೀಲಿ ಅಂತ…”

ವರದಮ್ಮ ನನ್ನ ಕೈ ಹಿಡಿದು ಎಳೆದುಕೊಂಡು ಅಡುಗೆಮನೆಗೆ ಹೋದಳು. ಅಡುಗೆಮನೆ ಅಂದರೆ ಪಾಯದ ಇನ್ನೊಂದು ಮೂಲೆ. ಬೀಗಿತ್ತಿಗೂ ನಮಗೂ ನಡುವೆ ಇದ್ದದ್ದು ಪಾಯದ ಒಂದು ಸಾಲು ಕಲ್ಲು. ಅಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. “ಅಕ್ಕಾರೆ, ನನ್ನ ಮಗಳು ಬೀಗರ ಮನ್ಯಾಗೆ ಬಾಣಂತಿ ಆದ್ರೆ ನಾನು ತಾಯಿ ಅನ್ನಿಸ್ಕಂಡು ಏನು ಬಂತ್ರಿ? ಒಂದು ಹಂಡೆ ಬಿಸಿನೀರು ಹಾಕಾಕೆ ನನಗೆ ಬಚ್ಚಲಿಲ್ಲ. ಒಂದು ಬೆಚ್ಚನ್ನ ಮೂಲೆ ಇಲ್ಲ.” ಬಸವಣ್ಣೆಮ್ಮ ಎಷ್ಟು ಮರ್ಯಾದಸ್ಥರೆಂದರೆ, ಎಲ್ಲವೂ ಕಾಣುತ್ತಿದ್ದರೂ ಕೇಳಿಸುತ್ತಿದ್ದರೂ, ರಸ್ತೆಯಲ್ಲಿ ಹೋಗುವ ಟ್ರ್ಯಾಕ್ಟರನ್ನೇ ನೋಡುತ್ತ ಕೂತರು. ನಾನು ಬೈಯಲು ಬಂದವಳು. ಬೈಗುಳವೆಲ್ಲ ಮರೆತು ನಾನೂ ಮೂಗು ಒರೆಸಿಕೊಂಡೆ.

ಮುಂದಿನ ಸಂತೆಗೆ ಹುಚ್ಚರಾಯಪ್ಪ ಮಾಮೂಲಿನಂತೆ ಅಂಗಡಿಗೆ ಬಂದ. ಸಂಕೋಚವೇನೂ ಇರಲಿಲ್ಲ. ಟೀ ಕುಡಿದ. ಅಷ್ಟರಲ್ಲಿ ತೊಗರ್ಸಿ ರಸ್ತೆಯಲ್ಲಿ ಮಳಿಗೆ ಕಟ್ಟಿಸುತ್ತಿದ್ದ ಮಾರಪ್ಪ ಬಂದು, ಒಂದು ಲೋಡು ಸಿಮೆಂಟ್ ಬೇಕೆಂದ. “ಎಂಥಾ ಅವಸರ ಮಾರಪ್ಪ? ಸಂಕ್ರಾಂತಿ ಕಳೀಲಿ. ಧಡಾರಂತ ಬೀಳ್ತದೆ” ಎಂದ ಹುಚ್ಚರಾಯಪ್ಪ. ಮಾರಪ್ಪನ ಕೈ ಜೇಬಿನಲ್ಲೇ ನಿಂತಿತು.

ನನಗೆ ಎಲ್ಲಿತ್ತೋ ಸಿಟ್ಟು. “ಹುಚ್ಚರಾಯಪ್ಪನವರೇ, ಎದ್ದೇಳಿ ಮೊದಲು! ನನ್ನ ಸಿಮೆಂಟ್ ಮೇಲೆ ಕೂತು ನನ್ನ ವ್ಯಾಪಾರಕ್ಕೇ ಕಲ್ಲು ಹಾಕ್ತೀರಾ? ನಿಮ್ಮ ಮಾತು ಯಾವತ್ತಾದರೂ ನಿಜ ಆಗಿದೆಯಾ? ಒಂದು ದಿನ? ಒಂದೇ ಒಂದು ದಿನ?”

ಅವನು ಉತ್ತರ ಹೇಳುವ ಮುಂಚೆ ಅಂಗಡಿ ಮುಂದೆ ಒಂದು ಗೂಡ್ಸ್ ಆಟೋ ನಿಂತಿತು. ಮುಂದಿನ ಸೀಟಿನಿಂದ ವರದಮ್ಮ ಇಳಿದಳು. ಹಿಂದಿನಿಂದ ಟಗರುಗಳನ್ನು ಇಳಿಸಿದಳು. ಸಾಮಾನ್ಯದವಲ್ಲ. ಹುಚ್ಚರಾಯಪ್ಪ ಬೆಲ್ಲ ತಿನ್ನಿಸಿ, ಎಣ್ಣೆ ಹಚ್ಚಿ, ಕೊಂಬಿಗೆ ಬಣ್ಣ ಬಳಿದು ಬಕ್ರೀದಿಗೆಂದು ಬೆಳೆಸುತ್ತಿದ್ದ ಟಗರುಗಳು. ಹಗ್ಗ ಹಿಡಿದು ನೇರ ಅಂಗಡಿಯೊಳಕ್ಕೇ ಎಳೆದು ತಂದಳು.

“ಅಕ್ಕಾರೆ, ಇವನ್ನ ಇಟ್ಕಳ್ರಿ. ಸಿಮೆಂಟ್, ಇಟ್ಟಿಗೆ, ಶೀಟು, ಏನೇನು ಬೇಕೋ ಕಳಿಸ್ರಿ.”

“ವರದಮ್ಮ, ಇದು ಅಂಗಡಿ ಕಣಮ್ಮ!” ಎಂದೆ. ಅಷ್ಟರಲ್ಲಿ ಒಂದು ಟಗರು ಬಣ್ಣದ ಡಬ್ಬಗಳ ಸಾಲಿಗೆ ಗುದ್ದಿತು. ಡಬ್ಬಗಳು ಉರುಳುರುಳಿ ರಸ್ತೆಗೆ ಹೋದವು. ಇನ್ನೊಂದು ಗೋಡೆಯ ಕ್ಯಾಲೆಂಡರಿನಲ್ಲಿ ನವೆಂಬರನ್ನು ತಿಂದು ಡಿಸೆಂಬರಿಗೆ ಬಾಯಿ ಹಾಕಿತು. ಯಜಮಾನರು ಪಂಚೆ ಎತ್ತಿಕೊಂಡು ಮೇಜಿನ ಮೇಲೆ ಹತ್ತಿ ನಿಂತರು. ಮೂರನೆಯ ಟಗರು ಅವರನ್ನೇ ನೋಡುತ್ತ ಕೆಳಗೆ ನಿಂತಿತು.

ಹುಚ್ಚರಾಯಪ್ಪ ತಲೆ ಮೇಲೆ ಕೈ ಹೊತ್ತ. “ಏ ಹುಚ್ಚೀ! ಈಗ ಟಗರಿಗೆ ರೇಟಿಲ್ಲ! ಬಕ್ರೀದ್ ತನಕ ತಡಿಯೇ! ಆಗ ಇವು ಏರಿರ್ತಾವು, ಅದು ಇಳಿದಿರ್ತದೆ!”

“ಬಕ್ರೀದ್ ತನಕ ತಡಿ ಅಂತ ನಿಮ್ಮ ಮಗಳ ಹೊಟ್ಟೆಗೆ ಹೇಳ್ರಿ” ಎಂದಳು ವರದಮ್ಮ.

ಮಾರಪ್ಪ ಕಿಸಕ್ಕನೆ ನಕ್ಕ. ಹುಚ್ಚರಾಯಪ್ಪ ನಗಲಿಲ್ಲ. ಮತ್ತೆ ಸಿಮೆಂಟ್ ಚೀಲದ ಮೇಲೆ ಕೂತ. ಇಷ್ಟು ದಿನ ಕಾಲು ಮಡಚಿ ರಾಜನ ಹಾಗೆ ಕೂರುತ್ತಿದ್ದವನು ಈ ಸಲ ಕಾಲು ಇಳಿಬಿಟ್ಟು ಕೂತ.

“ನನಗೆ ಹೆದರಿಕೆ ಆಗ್ತದ್ರೀ ಅಕ್ಕಾರೆ” ಎಂದ. ಹೆಂಡತಿಗೆ ಹೇಳಬೇಕಾದ್ದನ್ನು ನನಗೆ ಹೇಳುತ್ತಿದ್ದ. “ಕುರಿ ಇದ್ರೆ ನಾನು ನಾಕು ಮಂದ್ಯಾಗೆ ಒಬ್ಬ. ಮಾರಿ ಮನೆ ಕಟ್ಟಿದ್ರೆ ಕೈಯಾಗೆ ಏನೂ ಇರಲ್ಲ. ನಾಳೆ ಏನಾಗ್ತದೋ ಯಾರಿಗ್ಗೊತ್ತು? ಕೊರೊನಾ ಬರ್ತದೆ ಅಂತ ಯಾರಾದ್ರೂ ಹೇಳಿದ್ರಾ? ಯುದ್ಧ ಆಗ್ತದೆ ಅಂತ ಹೇಳಿದ್ರಾ? ಅರ್ಧ ಕಟ್ಟಿದ ಮೇಲೆ ಇನ್ನೊಂದು ಏನಾದ್ರೂ ಆಗಿಬಿಟ್ರೆ?”

ಅಷ್ಟರಲ್ಲಿ ಟಗರು ಡಿಸೆಂಬರನ್ನೂ ಅಗಿದು ಮುಗಿಸಿತ್ತು. ನಾನು ಮೂರು ವರ್ಷದಿಂದ ಈ ಮನುಷ್ಯನನ್ನು ಜಿಪುಣ ಅಂದುಕೊಂಡಿದ್ದೆ, ತರಲೆ ಅಂದುಕೊಂಡಿದ್ದೆ. ಹೆದರಿದ್ದಾನೆ ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ವರದಮ್ಮ ಹಗ್ಗವನ್ನು ಮಾರಪ್ಪನ ಕೈಗೆ ಕೊಟ್ಟು, ಗಂಡನ ಪಕ್ಕದ ಚೀಲದ ಮೇಲೆ ಕೂತಳು. “ಏನಾದ್ರೂ ಆದ್ರೆ ಒಳಗೆ ಕುಂತು ಇಬ್ರೂ ಅಳಾಣ್ರೀ” ಎಂದಳು. “ಈಗ ಅಳಾಕೂ ಒಂದು ಜಾಗ ಇಲ್ಲ. ಮೊನ್ನೆ ನಾನು ಅತ್ತಿದ್ದು ಬಸ್ಸಿನಾಗೆ ಹೋಗೋರೆಲ್ಲ ನೋಡಿದ್ರು.”

ಹುಚ್ಚರಾಯಪ್ಪ ಹತ್ತಿರವಿದ್ದ ಟಗರಿನ ಕೊಂಬು ಸವರಿದ. ಆಮೇಲೆ ಎದ್ದ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ಮಾರಪ್ಪನ ಕೈಯಿಂದ ಹಗ್ಗ ಇಸಿದುಕೊಂಡು, “ಇವಳಿಗೆ ಟಗರು ಮಾರಾಕೆ ಬರಲ್ಲ. ನಾನೇ ಮಾರಿ ಬರ್ತೀನಿ. ಅಲ್ಲೀತನ ರೇಟು ಏರಿಸ್ಬ್ಯಾಡ್ರಿ ಮತ್ತೆ” ಎಂದು ಬಾಗಿಲ ತನಕ ಹೋಗಿ, ತಿರುಗಿ ನಿಂತು, “ಚೀಲಕ್ಕೆ ಎಷ್ಟು ಬಿಡ್ತೀರಿ?” ಎಂದ.

“ಐದು ರೂಪಾಯಿ” ಎಂದೆ.

“ಹತ್ತು ಬಿಡೇ! ಹದಿನೈದು ಬಿಡು!” ಎಂದು ಮೇಜಿನ ಮೇಲಿಂದ ಯಜಮಾನರು ಕೂಗಿದರು. “ಮೊದಲು ಇದನ್ನ ಹೊರಗೆ ಹಾಕಿಸು!”

ಹದಿನೈದು ಬಿಟ್ಟೆ. ಏನು ಮಾಡುವುದು, ಗಂಡನ ಪ್ರಾಣದ ಪ್ರಶ್ನೆ.

ಮನೆ ಎದ್ದಿತು. ಮಹಡಿ, ಕಮಾನು ಎಂದೆಲ್ಲ ಇದ್ದ ಹಳೆಯ ಆಸೆಗಳನ್ನು ಬಿಟ್ಟು ಎರಡು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು. ಮೇಲೆ ಸದ್ಯಕ್ಕೆ ಶೀಟು. ಹುಚ್ಚರಾಯಪ್ಪ ಮೇಸ್ತ್ರಿಯ ಬೆನ್ನ ಹಿಂದೆಯೇ ನಿಂತು, “ಅಣ್ಣಾ, ಆ ಒಂದು ಕರಣಿ ಸಿಮೆಂಟಿನಾಗೆ ನನ್ನ ಒಂದು ಟಗರಿನ ಕಿವಿ ಹೋತು, ಕೆಳಗೆ ಚೆಲ್ಲಬ್ಯಾಡ” ಎಂದು ಪ್ರತಿ ಸಲ ಹಲುಬಿದ್ದಕ್ಕೆ ಮೇಸ್ತ್ರಿ ಎರಡು ಸಲ ಕೆಲಸ ಬಿಟ್ಟು ಹೋಗಿ ವರದಮ್ಮನ ಮುಖ ನೋಡಿ ವಾಪಸು ಬಂದ. ಗೋಡೆಗಳು ಎದ್ದು ಬಂದು ಎರಡೂ ಕಡೆಯಿಂದ ಬಾಗಿಲನ್ನು ಸೇರಿಕೊಂಡವು. ಗೋಡೆ ಬಂದದ್ದು ಕುರಿಗಳಿಗೆ ಗೊತ್ತೇ ಆಗಲಿಲ್ಲ. ಮುಂಚಿನ ಹಾಗೆ ಸಾಲಾಗಿ ಬಂದು ಹೋಗುತ್ತಿದ್ದವಂತೆ. ಬಾಣಂತಿ ಮನೆಯೊಳಗೆ ಇವು ಬೇಡವೆಂದು ಅವಕ್ಕೆ ತಿಳಿಸಿ ಹೇಳಲು ವರದಮ್ಮನಿಗೆ ಸಾಕುಸಾಕಾಯಿತು. ಕುಬುಸ ಮಾಡಿಸಿಕೊಂಡು ಸುಷ್ಮಿತಾ ತವರಿಗೆ ಬಂದಳು. ಶಿಕಾರಿಪುರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು.

ಇನ್ನು ಕೇಳಿ. ಕೂಸು ಹುಟ್ಟಿದ ವಾರವೇ ಸಿಮೆಂಟು ಧಡಾರಂತ ಬಿತ್ತು. ಕಬ್ಬಿಣವೂ ಇಳಿಯಿತು. ಹುಚ್ಚರಾಯಪ್ಪನ ಜನ್ಮದಲ್ಲಿ ಮೊದಲ ಸಲ ಅವನು ಹೇಳಿದ್ದು ನಿಜವಾಯಿತು, ಅದೂ ಅವನು ಟಗರೆಲ್ಲ ಮಾರಿ ದುಬಾರಿ ರೇಟಿನಲ್ಲಿ ಮನೆ ಕಟ್ಟಿಸಿದ ಮೇಲೆ! ನನಗೆ ಪಾಪ ಅನ್ನಿಸಬೇಕಿತ್ತು. ಎಳ್ಳಷ್ಟೂ ಅನ್ನಿಸಲಿಲ್ಲ. ಅವನು ಓಡಿಸಿದ ಗಿರಾಕಿಗಳೆಲ್ಲ ನೆನಪಾದರು. ಈ ಸುದ್ದಿಯನ್ನು ನಾನೇ ಹೇಳಬೇಕು, ಅವನ ಮುಖ ನೋಡುತ್ತ ಹೇಳಬೇಕು. ಕೂಸಿಗೊಂದು ಕುಲಾವಿ ಕೊಂಡು, ಆಟೋ ಹತ್ತಿ ಹೊರಟೆ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಬಾಯಲ್ಲೇ ಅಭ್ಯಾಸ ಮಾಡಿಕೊಂಡೆ.

ಅಲ್ಲಿ ನೋಡಿದರೆ ಮನೆ ಮುಂದೆ ಆಗಲೇ ಏಳೆಂಟು ಜನ ನಿಂತಿದ್ದರು. ಮಾರಪ್ಪ ಎಲ್ಲರಿಗಿಂತ ಮುಂದೆ. ಹುಚ್ಚರಾಯಪ್ಪ ಹೇಳಿದಂತೆಯೇ ಆಯಿತಲ್ಲ, ಮುಂದೆ ಹೇಗೆ, ಈಗ ಕೊಳ್ಳಬೇಕೋ ಇನ್ನೂ ತಡೆಯಬೇಕೋ ಎಂದು ಕೇಳಲು ಬಂದಿದ್ದರು. ಒಬ್ಬರು ಬಾಳೆಹಣ್ಣು ಬೇರೆ ತಂದಿದ್ದರು.

ಬಾಗಿಲು ತೆಗೆದು ಹುಚ್ಚರಾಯಪ್ಪ ಹೊರಗೆ ಬಂದ. ಹೆಗಲ ಮೇಲೆ ಕಂಬಳಿಯಿಲ್ಲ, ಕೂಸಿನ ಒದ್ದೆ ಬಟ್ಟೆ ಇತ್ತು. ನಾನು ಜನರನ್ನು ಸರಿಸಿ ಮುಂದೆ ನುಗ್ಗಿ, ಎದೆ ತುಂಬ ಉಸಿರು ಎಳೆದುಕೊಂಡು ಕೂಗಿದೆ. “ಹುಚ್ಚರಾಯಪ್ಪನವರೇ, ಸಿಮೆಂಟ್ ಬಿತ್ತು! ಚೀಲಕ್ಕೆ ನಲವತ್ತು ರೂಪಾಯಿ ಇಳಿದಿದೆ! ಕಬ್ಬಿಣ…”

ಅವನು ಗಾಬರಿಯಿಂದ ಎರಡೂ ಕೈ ಎತ್ತಿದ. “ಶ್! ಅಕ್ಕಾರೆ, ಕೂಸು ಈಗ ಕಣ್ಣು ಮುಚ್ಚೈತಿ. ರಾತ್ರೆಲ್ಲ ಮಲಗಿಲ್ಲ ಅದು. ಬರ್ರಿ, ಒಳಗೆ ಬರ್ರಿ, ಕೂಸು ನೋಡೀರಂತೆ.” ಜನರ ಕಡೆ ತಿರುಗಿ, “ನನಗೇನು ಗೊತ್ರಪಾ ರೇಟು? ಅಂಗಡ್ಯಾಗೆ ಕೇಳ್ರಿ” ಎಂದ.

ಅಂಗಡಿಯವಳು ನಾನೇ. ಆದರೆ ನನಗೂ ಆ ಹೊತ್ತಿಗೆ ಬೇರೇನೂ ಬೇಕಿರಲಿಲ್ಲ. ಕುಲಾವಿ ಕೈಯಲ್ಲಿ ಹಿಡಿದು ಒಳಗೆ ಹೋದೆ. ಬಿಸಿನೀರಿನ ಹಬೆ, ಬೆಳ್ಳುಳ್ಳಿ, ಸಾಂಬ್ರಾಣಿಯ ವಾಸನೆ ಮೂಗಿಗೆ ಬಂತು. ಒಳಕೋಣೆಯಲ್ಲಿ ಸುಷ್ಮಿತಾ ಮಲಗಿದ್ದಳು, ಪಕ್ಕದಲ್ಲಿ ಕೂಸು. ಕಾಲ ಬಳಿ ವರದಮ್ಮ ಕೂತು, ನನ್ನ ಕಡೆ ನೋಡಿ ಬಾಯಿ ತುಂಬ ನಕ್ಕಳು.

ಹುಚ್ಚರಾಯಪ್ಪ ಹಿಂದಿನಿಂದ ಬಾಗಿಲು ಹಾಕಿಕೊಂಡ. ಹೊರಗೆ ಅವರು ಇನ್ನೂ ಏನೋ ಕೇಳುತ್ತಿದ್ದರು. ಒಳಗೆ ನಮಗೆ ಕೇಳಿಸಲಿಲ್ಲ.